ಮಗ್ರಿಬ್‌ನಿಂದ ಇಶಾದವರೆಗೆ

ಒಂದು ದಿನ ಅಸರ್ ನಮಾಝಿನ ಬಳಿಕ ಮಧ್ಯವಯಸ್ಕರೊಬ್ಬರು ಮಸೀದಿಯ ಮೆಟ್ಟಿಲ ಬಳಿ ನನಗಾಗಿ ಕಾದಿದ್ದರು. ಒಳಗೆ ಬಂದಿರಲಿಲ್ಲ. "ಉಸ್ತಾದರೇ, ಕುಡಿದವನ ನಮಾಝ್ 40 ದಿನ ಸ್ವೀಕಾರವಾಗುವುದಿಲ್ಲವಂತೆ. ನಾನು ಬಿಟ್ಟು ಇಂದಿಗೆ 9 ದಿನ. ಉಳಿದ 31 ದಿನ ಕಳೆದ ಮೇಲೆ ಬರಲೇ?" ಎಂದು ಕೇಳಿದರು.

ಹದೀಸ್ ಇರುವುದು ನಿಜ. ಆದರೆ ಅದರ ಅರ್ಧವನ್ನಷ್ಟೇ ಅವರಿಗೆ ಯಾರೋ ತಲುಪಿಸಿದ್ದರು. ಅವನು ತೌಬಾ ಮಾಡಿದರೆ ಅಲ್ಲಾಹನು ಅದನ್ನು ಸ್ವೀಕರಿಸುವನೆಂದು ಪ್ರವಾದಿವರ್ಯರು(ಸ) ಅಲ್ಲೇ ಮುಂದುವರಿಸಿ ತಿಳಿಸಿದ್ದಾರೆ. ಸ್ವೀಕಾರವಾಗದೆಂದರೆ ಪ್ರತಿಫಲ ಸಿಗದೆಂದರ್ಥ, ನಮಾಝಿನ ಹೊಣೆ ತಪ್ಪಿತೆಂದಲ್ಲ. ವಿದ್ವಾಂಸರು ವಿವರಿಸಿರುವುದು ಹೀಗೆಯೇ. ಭಯ ಹುಟ್ಟಿಸುವ ಅರ್ಧವನ್ನು ಹೇಳಿ ಆಶೆ ಹುಟ್ಟಿಸುವ ಅರ್ಧವನ್ನು ನುಂಗುವ ಚಾಳಿ ನಮ್ಮಂಥ ಪ್ರವಚನಕಾರರಿಗೂ ಇದೆ.

ಕುಡಿತ ಬಿಟ್ಟವನಿಗೆ ನಮಾಝ್ ಬಹುಮಾನವಲ್ಲ, ಊರುಗೋಲು. ಮದ್ಯವು ಅರಬರ ರಕ್ತದಲ್ಲಿ ಬೆರೆತುಹೋಗಿದ್ದ ಕಾಲದಲ್ಲಿ ಕುರ್‌ಆನ್ ಅದನ್ನು ಒಮ್ಮೆಲೇ ನಿಷೇಧಿಸಲಿಲ್ಲ. ಅದರ ಕೇಡು ಪ್ರಯೋಜನಕ್ಕಿಂತ ದೊಡ್ಡದೆಂದು ಅಲ್‌ಬಕರದ 219ನೆಯ ಸೂಕ್ತ ತಿಳಿಸಿತು. ಆ ಬಳಿಕ ಅಮಲಿನಲ್ಲಿ ನಮಾಝಿನ ಹತ್ತಿರ ಸುಳಿಯಬಾರದೆಂಬ ಆಜ್ಞೆ ಅನ್ನಿಸಾದ 43ನೆಯ ಸೂಕ್ತದಲ್ಲಿ ಬಂತು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿರಿ. ಲುಹರ್, ಅಸರ್, ಮಗ್ರಿಬ್, ಇಶಾ - ಕುಡಿದು ಅಮಲಿಳಿಯುವಷ್ಟು ಬಿಡುವು ಇವುಗಳ ನಡುವೆ ಎಲ್ಲಿದೆ? ಇಶಾದ ನಂತರ, ಇಲ್ಲವೇ ಸುಬ್ಹ್‌ನ ನಂತರ ಮಾತ್ರ. ಹೀಗೆ ದಿನದ ಬಹುಭಾಗ ಅವರು ಕುಡಿಯದೆ ಇರಲು ಕಲಿತರು. ಕೊನೆಗೆ ಅಲ್‌ಮಾಇದದ ಸೂಕ್ತಗಳು ಸಂಪೂರ್ಣ ನಿಷೇಧವನ್ನು ತಂದಾಗ ಅಬೂ ತಲ್‌ಹಾರ(ರ) ಮನೆಯಲ್ಲಿ ಮದ್ಯ ಹಂಚುತ್ತಿದ್ದ ಅನಸ್(ರ) ಅದನ್ನು ಹೊರಗೆ ಚೆಲ್ಲಿದರು; ಮದೀನಾದ ಬೀದಿಗಳಲ್ಲಿ ಅದು ಹರಿಯಿತು.

ನಾನು ಆ ಸಹೋದರರಿಗೆ ಹೇಳಿದ್ದಿಷ್ಟೇ: "ನಿಮ್ಮ ಕಾಲು ಅಂಗಡಿಯ ಕಡೆ ಎಳೆಯುವುದು ಯಾವಾಗ?" "ಕೆಲಸ ಮುಗಿದು ಕತ್ತಲಾಗುವಾಗ." "ಹಾಗಾದರೆ ಮಗ್ರಿಬ್‌ಗೆ ಬನ್ನಿ, ಇಶಾ ಮುಗಿಸಿಯೇ ಹೋಗಿ." ನಡುವೆ ಇರುವುದು ಹೆಚ್ಚೆಂದರೆ ಒಂದೂಕಾಲು ಗಂಟೆ. 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್, ಅವಸರವಿಲ್ಲದೆ. ಆಮೇಲೆ ಕಣ್ಣು ಮುಚ್ಚಿ ಆ ದಿನವನ್ನು ಬೆಳಗಿನಿಂದ ನೆನೆಯುವುದು: ಎಲ್ಲಿ ಮನಸ್ಸು ಜಾರಿತು, ಯಾರ ಮೇಲೆ ಸಿಟ್ಟು ಬಂತು. ಅದನ್ನು ದುಆದಲ್ಲಿ ತನ್ನದೇ ಮಾತಿನಲ್ಲಿ ಹೇಳಿಕೊಳ್ಳುವುದು. ಅಲ್ಲಾಹನಿಗೆ ಕನ್ನಡವೂ ಬ್ಯಾರಿಯೂ ತಿಳಿಯುತ್ತದೆ.

ಇನ್ನೊಂದು ಮಾತು. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರನ್ನು ಕಾಣಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಔಷಧಿ ತೆಗೆದುಕೊಳ್ಳುವುದು ಈಮಾನಿನ ಕೊರತೆಯಲ್ಲ.

ಮನೆಯವರು ಅಬ್ದುಲ್ಲಾ ಎಂಬ ಸಹಾಬಿಯನ್ನು ನೆನೆಯಬೇಕು. ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದವರು. ಕುಡಿತಕ್ಕಾಗಿ ಶಿಕ್ಷೆ ಅನುಭವಿಸಿ ಮತ್ತೆ ಸಿಕ್ಕಿಬಿದ್ದಾಗ ಒಬ್ಬರು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ತಡೆದರು, ಅವರು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವರೆಂದು ಸಾಕ್ಷಿ ನುಡಿದರು. ಶಿಕ್ಷೆಯಾಯಿತು, ಶಾಪ ಮಾತ್ರ ಬೇಡವಾಯಿತು.

ಅಂದು ಮಗ್ರಿಬ್‌ಗೆ ಅವರು ಬಂದು ಕೊನೆಯ ಸಫ್ಫಿನ ಮೂಲೆಯಲ್ಲಿ ನಿಂತರು. ಇಶಾದ ಹೊತ್ತಿಗೆ ಮದ್ರಸಕ್ಕೆ ಬರುವ ಅವರ ಮಗ ಪಕ್ಕಕ್ಕೆ ಬಂದು ನಿಂತಿದ್ದ.