ಹೊಸ ಪೋನಿಗಾಗಿ ಹಯವದನನಲ್ಲಿ ಅರಿಕೆ

ಹಯವದನ, ಕುದುರೆಯ ಮುಖ ಹೊತ್ತ ದೇವರು ನೀನು. ಕುದುರೆಯ ವಿಚಾರವಾಗಿ ಬೇಡಿಕೊಳ್ಳುವುದಿದ್ದರೆ ನಿನ್ನ ಮುಂದೆಯೇ ಬೇಡಿಕೊಳ್ಳಬೇಕು. ಬೇಯಿಸಿದ ಕಡಲೆಬೇಳೆಗೆ ಬೆಲ್ಲ, ಕಾಯಿತುರಿ, ತುಪ್ಪ ಸೇರಿಸಿ ಮಾಡಿದ ಮಡ್ಡಿಯನ್ನು ವಾದಿರಾಜ ಯತಿಗಳು ಹರಿವಾಣದಲ್ಲಿ ತಲೆಯ ಮೇಲೆ ಹೊತ್ತು ಕೂತಾಗ ನೀನು ಬಿಳಿಯ ಕುದುರೆಯಾಗಿ ಹಿಂದಿನಿಂದ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿಟ್ಟು ತಿಂದೆಯಂತೆ. ಉಡುಪಿ ಕಡೆಯ ಮಕ್ಕಳು ಕೇಳಿಕೊಂಡೇ ಬೆಳೆಯುವ ಕಥೆ. ಕುದುರೆಲಾಯದಲ್ಲಿ ಓಡಾಡುವಂತಾದ ಮೇಲೆ ನನಗೆ ಆ ಕಥೆಯಲ್ಲಿ ಯತಿಗಳ ಬೆನ್ನೇ ಹೆಚ್ಚು ಕಾಣುತ್ತದೆ. ಅವರು ಹಗ್ಗ ಹಾಕಿ ಎಳೆಯಲಿಲ್ಲ, ಎದುರು ನಿಂತು ಕರೆಯಲಿಲ್ಲ. ಬೆನ್ನು ಕೊಟ್ಟು ಕೂತರು. ಕುದುರೆ ತಾನಾಗಿ ಬಂತು. ನನ್ನ ಅರಿಕೆಯೆಲ್ಲ ಅಷ್ಟಕ್ಕೇ ಸಂಬಂಧಪಟ್ಟದ್ದು.

ನಾವಿರುವುದು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್‌ನ ಗುಡ್ಡಗಳ ಮಗ್ಗುಲಲ್ಲಿ. ಹನ್ನೊಂದು ವರ್ಷದ ಮಗಳು ಇಲ್ಲಿನ ಪೋನಿ ಕ್ಲಬ್ಬಿನ ಮಕ್ಕಳ ಜೊತೆ ಮೌಂಟೆಡ್ ಗೇಮ್ಸ್ ಆಡುತ್ತಾಳೆ. ಕುದುರೆಯ ಮೇಲೆ ಕೂತು ಆಡುವ ರಿಲೇ ಆಟಗಳು ಅವು. ಸಾಲಾಗಿ ನೆಟ್ಟ ಐದು ಕೋಲುಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳಸಿ ಓಡಿ ಬರುವುದು. ಒಂದು ಕೋಲಿನ ತಲೆಯ ಮೇಲಿನ ಮಗ್ಗನ್ನು ಓಟದಲ್ಲೇ ಎತ್ತಿ ಪಕ್ಕದ ಕೋಲಿಗೆ ಕವುಚುವುದು. ಬಾವುಟವನ್ನು ಒಂದು ತುದಿಯಿಂದ ಕಿತ್ತು ಇನ್ನೊಂದು ತುದಿಯಲ್ಲಿ ಸಿಕ್ಕಿಸುವುದು. ಕೆಳಗಿಳಿದು, ಪೋನಿಯನ್ನು ಪಕ್ಕದಲ್ಲೇ ಓಡಿಸಿಕೊಂಡು ಹೋಗಿ, ಅದು ಓಡುತ್ತಿರುವಾಗಲೇ ಬೆನ್ನಿಗೆ ನೆಗೆದು ಕೂರುವುದು. ಚಾವಟಿಗೆ ಅನುಮತಿಯಿಲ್ಲ, ಹಿಮ್ಮಡಿಯ ಮುಳ್ಳಿಗೂ ಇಲ್ಲ. ಮಗ್ಗು ಕೈತಪ್ಪಿ ಬಿದ್ದರೆ ಅಲ್ಲಿಗೆ ಆಟ ಮುಗಿಯಲಿಲ್ಲ. ಇಳಿದು ಎತ್ತಿಕೊಂಡು, ಮತ್ತೆ ಹತ್ತಿ, ಸರಿಯಾಗಿಟ್ಟು ಮುಂದೆ ಹೋಗಬಹುದು. ತಿದ್ದಿಕೊಳ್ಳಲು ನಿಯಮವೇ ಜಾಗ ಬಿಟ್ಟಿರುವ ಆಟ ಎಂದೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಇದನ್ನು ಕೊಟ್ಟವರನ್ನು ನಿನ್ನ ಸನ್ನಿಧಿಯಲ್ಲಿ ನೆನೆಯುತ್ತೇನೆ. ದುಬಾರಿ ತಳಿಯ ಪೋನಿ ಕೊಳ್ಳಲಾಗದ ಮಕ್ಕಳೂ ತಮ್ಮಲ್ಲಿರುವ ಸಾಮಾನ್ಯ ಪೋನಿಯ ಮೇಲೆ ಆಡುವಂಥ ಸ್ಪರ್ಧೆ ಬೇಕು ಎಂದು ಕೇಳಿದವರು ಎಲಿಜಬೆತ್ ರಾಣಿಯ ಪತಿ ಪ್ರಿನ್ಸ್ ಫಿಲಿಪ್. ಅದನ್ನು ರೂಪಿಸಿದವರು ಕರ್ನಲ್ ಮೈಕ್ ಆನ್ಸೆಲ್. 1940ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗಾಯಗೊಂಡು ದೃಷ್ಟಿ ಕಳೆದುಕೊಂಡಿದ್ದ ಮನುಷ್ಯ, ಕಣ್ಣೂ ಕೈಯೂ ಇಷ್ಟು ಚುರುಕಾಗಿರಬೇಕಾದ ಆಟವನ್ನು ಮಕ್ಕಳಿಗಾಗಿ ಕಟ್ಟಿಕೊಟ್ಟರು. 1957ರಲ್ಲಿ ಲಂಡನ್ನಿನ ಹಾರಿಂಗೇಯಲ್ಲಿ, ಹಾರ್ಸ್ ಆಫ್ ದಿ ಇಯರ್ ಷೋದ ಅಂಗಳದಲ್ಲಿ, ಮೊದಲ ಪ್ರಿನ್ಸ್ ಫಿಲಿಪ್ ಕಪ್ ನಡೆಯಿತು. ಬೇರು ಇನ್ನೂ ಹಿಂದಕ್ಕೆ, ನಮ್ಮ ನೆಲಕ್ಕೇ ಹೋಗುತ್ತದೆ: ಭಾರತದ ದಂಡುಪ್ರದೇಶಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡುತ್ತಿದ್ದ ಜಿಮ್ಖಾನಾ ಆಟಗಳು ಅವರ ಜೊತೆ ಹಡಗು ಹತ್ತಿ ಈ ಹುಲ್ಲುಗಾವಲುಗಳಿಗೆ ಬಂದವು. ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರು ಓಡುವ ಕುದುರೆಯಿಂದ ಬಾಗಿ ಈಟಿಯಲ್ಲಿ ಗೂಟ ಕೀಳುವುದನ್ನು ನೋಡಿದವರಿಗೆ ಈ ಮಕ್ಕಳ ಬಾಗುವಿಕೆ ಹೊಸದೆನಿಸದು. ಸಾಮಾನ್ಯರಿಗಾಗಿ ಹುಟ್ಟಿದ್ದು ಸಾಮಾನ್ಯರಲ್ಲೇ ಉಳಿಯಲಿ, ಸ್ವಾಮಿ. ಪಳಗಿದ ಗೇಮ್ಸ್ ಪೋನಿಗೆ ಈಗ ತುಂಬ ಬೆಲೆ. ದುಡ್ಡಿದ್ದವರು ಕಲಿತದ್ದನ್ನೇ ಕೊಳ್ಳುತ್ತಾರೆ. ಉಳಿದವರು ಕಲಿಯದ್ದನ್ನು ತಂದು ಕಲಿಸುತ್ತಾರೆ. ನಾವು ಉಳಿದವರಲ್ಲಿ ಸೇರಿದವರು.

ತಂದಿರುವುದು ಐದು ವರ್ಷದ ವೆಲ್ಷ್ ಗಂಡು. ಕಾಗದಪತ್ರದಲ್ಲಿ ಉದ್ದದ ಹೆಸರಿದೆ. ಮಗಳು ಬೆಲ್ಲ ಎಂದು ಕರೆಯುತ್ತಾಳೆ. ಈಗ ಬೂದು ಬಣ್ಣ. ಈ ಬಣ್ಣದವು ವಯಸ್ಸಾದಂತೆ ಬೆಳ್ಳಗಾಗುತ್ತ ಹೋಗುತ್ತವೆ, ಕೊನೆಗೆ ನಿನ್ನ ಬಣ್ಣಕ್ಕೇ ಬಂದು ನಿಲ್ಲುತ್ತವೆ. ಗುಡ್ಡದ ಮೇಲೆ ಹಿಂಡಿನಲ್ಲಿ ಬೆಳೆದವನು. ಜೀನು ಹೊತ್ತು ಮಗುವನ್ನು ಕೂರಿಸಿಕೊಂಡು ನಡೆಯುವುದನ್ನು ಕಲಿತಿದ್ದಾನೆ, ಅದರಾಚೆ ಏನೂ ಗೊತ್ತಿಲ್ಲ.

ಅವನ ಹೆದರಿಕೆಯನ್ನು ಮೊದಲು ನಿನ್ನ ಪಾದದಲ್ಲಿಡುತ್ತೇನೆ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುಮಾರು 350 ಡಿಗ್ರಿಯಷ್ಟು ಸುತ್ತಲನ್ನು ನೋಡಬಲ್ಲವು. ಹಣೆಯ ನೇರ ಮುಂದಿನ ತುಸು ಜಾಗ, ಬಾಲದ ನೇರ ಹಿಂದಿನ ತುಸು ಜಾಗ ಮಾತ್ರ ಅವಕ್ಕೆ ಕಾಣದು. ಅವನ ಬೆನ್ನ ಮೇಲೆ ಕೂತ ಮಗು ಪಟಪಟ ಬಡಿಯುವ ಬಾವುಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದರೆ, ಎಡಗಣ್ಣಿನಲ್ಲಿ ಇದ್ದದ್ದು ಮಾಯವಾಗಿ ಬಲಗಣ್ಣಿನಲ್ಲಿ ಧುತ್ತೆಂದು ಏಳುತ್ತದೆ. ತೋಳಗಳಿಂದ ಓಡಿ ಓಡಿಯೇ ಉಳಿದ ಜಾತಿ ಅದು. ಬೆನ್ನಿಗೇರಿದ ಶಬ್ದದಿಂದ ತಪ್ಪಿಸಿಕೊಂಡು ಓಡಲು ನೋಡುವುದು ಅವನ ತಪ್ಪಲ್ಲ. ಅದನ್ನು ಮೊಂಡುತನ ಎಂದು ಯಾರೂ ಕರೆಯದಿರಲಿ.

ಇಲ್ಲಿ ಮಕ್ಕಳಿಗೆ ಕಲಿಸುವ ಹಿರಿಯ ಹೆಂಗಸೊಬ್ಬರು ತೋರಿಸಿದ ದಾರಿ ಹೀಗಿದೆ. ಬಾವುಟವನ್ನು ಕುದುರೆಯ ಹತ್ತಿರ ಒಯ್ಯಬಾರದು. ಬಾವುಟ ಹಿಡಿದವರು ಅವನಿಗೆ ಬೆನ್ನು ಹಾಕಿ ಮುಂದೆ ಮುಂದೆ ನಡೆಯಬೇಕು, ಅವನು ಹಿಂದೆ ಬರಬೇಕು. ತನ್ನಿಂದ ದೂರ ಸರಿಯುತ್ತಿರುವುದಕ್ಕೆ ಕುದುರೆ ಅಷ್ಟಾಗಿ ಹೆದರದು; ಸ್ವಲ್ಪ ಹೊತ್ತಿಗೆ ಕುತೂಹಲ ಹುಟ್ಟಿ ಕತ್ತು ಚಾಚುತ್ತದೆ. ಮೂಗು ತಾನಾಗಿ ಬಂದು ಬಟ್ಟೆಗೆ ತಾಗಿದ ಕ್ಷಣ ಬಾವುಟ ಹಿಂದೆ ಸರಿಯಬೇಕು, ಹಗ್ಗ ಸಡಿಲಾಗಬೇಕು. ಆಮೇಲೆ ಮಡಿಸಿದ ಬಾವುಟವನ್ನು ಹೆಗಲಿಗೆ ಸವರುವುದು, ಬಿಡಿಸಿದ್ದನ್ನು ಸವರುವುದು. ಎಡಬದಿಯಲ್ಲಿ ಮುಗಿಸಿದ್ದನ್ನು ಬಲಬದಿಯಲ್ಲಿ ಮೊದಲಿನಿಂದ ಶುರುಮಾಡುವುದು, ಏಕೆಂದರೆ ಒಂದು ಬದಿಯಿಂದ ಒಪ್ಪಿಕೊಂಡದ್ದು ಇನ್ನೊಂದು ಬದಿಯಿಂದ ಕಂಡಾಗ ಅವನಿಗೆ ಹೊಸದೆನಿಸಬಹುದು. ಗೋಣಿಚೀಲ, ಬಲೂನು, ಬಕೀಟಿಗೆ ಬೀಳುವ ಡಬ್ಬದ ಸದ್ದು, ಎಲ್ಲಕ್ಕೂ ಇದೇ ಕ್ರಮ. ಇದನ್ನು ಮೊದಲು ನೋಡಿದ ದಿನ ಹುಲ್ಲಿನ ಮೇಲೆ ನಿಂತು ನಾನು ನೆನೆದದ್ದು ಮಡ್ಡಿಯ ಹರಿವಾಣ ಹೊತ್ತು ಬೆನ್ನು ಕೊಟ್ಟು ಕೂತ ಯತಿಗಳನ್ನು. ಆ ತಾಳ್ಮೆಯಲ್ಲಿ ಒಂದು ಪಾಲು ನಮ್ಮ ಮನೆಯವರಿಗೆಲ್ಲ ಹಂಚು.

ಲಗಾಮಿನ ಪಾಠಕ್ಕೆ ನಿನ್ನನ್ನು ಹೆಚ್ಚು ಕಾಡುವುದಿಲ್ಲ. ಎರಡೂ ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು ಕುತ್ತಿಗೆಗೆ ತಾಗಿಸಿದರೆ ತಿರುಗಬೇಕು, ಕಾಲು ಒತ್ತಿದರೆ ಸರಿಯಬೇಕು, ಎದುರಿನಿಂದ ಓಡಿ ಬರುವ ಪೋನಿಯ ಪಕ್ಕಕ್ಕೆ ಅಂಜದೆ ಹೋಗಬೇಕು. ಐದು ಕೋಲುಗಳ ನಡುವೆ ನಡಿಗೆಯಲ್ಲೇ ಸುತ್ತಿ ಸುತ್ತಿ ಇದು ಬರುತ್ತಿದೆ. ಬೆನ್ನಿಗೆ ನೆಗೆಯುವುದನ್ನೂ ಅವನು ನಿಂತಿರುವಾಗ, ಬೇಲಿಯ ಪಕ್ಕದಲ್ಲಿ, ಕಲಿಸುತ್ತಿದ್ದೇವೆ. ನೆಗೆದವಳು ಜೀನಿನ ಮೇಲೆ ದೊಪ್ಪೆಂದು ಬೀಳದೆ ಹಗುರವಾಗಿ ಇಳಿಯುವುದನ್ನು ಮಗಳೇ ಮೊದಲು ಕಲಿಯಬೇಕಾಗಿದೆ. ಎಳೆಯ ಬೆನ್ನು ಅದು. ಕುದುರೆಯ ಬೆನ್ನುಮೂಳೆ ಬೆಳೆದು ಗಟ್ಟಿಯಾಗುವುದು ದೇಹದ ಎಲ್ಲ ಎಲುಬುಗಳಿಗಿಂತ ತಡವಾಗಿ, ಐದೂವರೆ ವರ್ಷ ದಾಟಿದ ಮೇಲೆ.

ನನಗೆ ಭಯವಿರುವುದು ಹೊರಡುವ ಗೆರೆಯ ಬಗ್ಗೆ. ಆಟ ಕಲಿತ ಪೋನಿಗಳಲ್ಲಿ ಎಷ್ಟೋ ಆ ಗೆರೆಯ ಹತ್ತಿರ ಬಂದಾಗಲೇ ನಡುಗುತ್ತವೆ, ಬಾಯಲ್ಲಿ ನೊರೆ ಕಟ್ಟುತ್ತದೆ, ಮುಂಗಾಲೆತ್ತಿ ನಿಲ್ಲುತ್ತವೆ. ಬೇಲಿಯ ಬಳಿ ನಿಂತ ದೊಡ್ಡವರು ಅದನ್ನು ಉತ್ಸಾಹ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೆರೆಗೆ ಬಂದಾಗೆಲ್ಲ ನಾಗಾಲೋಟಕ್ಕೆ ಅಟ್ಟಿದರೆ, ಗೆರೆ ಎಂದರೆ ಇನ್ನೇನು ಆಸ್ಫೋಟ ಎಂದೇ ಪ್ರಾಣಿ ಅರ್ಥಮಾಡಿಕೊಳ್ಳುತ್ತದೆ. ಕಾಯುವ ಆ ಅರೆನಿಮಿಷ ಅದಕ್ಕೆ ಹಿಂಸೆ. ಆದ್ದರಿಂದ ಬೆಲ್ಲನನ್ನು ಗೆರೆಗೆ ಕರೆದೊಯ್ಯುತ್ತೇವೆ, ಲಗಾಮು ಸಡಿಲಬಿಟ್ಟು ನಿಲ್ಲಿಸುತ್ತೇವೆ, ಬೇರೆ ಪೋನಿಗಳು ಓಡುವುದನ್ನು ನೋಡಲು ಬಿಡುತ್ತೇವೆ, ನಡೆಸಿಕೊಂಡು ಹಿಂದೆ ಬರುತ್ತೇವೆ. ಅವನ ಪಾಲಿಗೆ ಆ ಗೆರೆ ಬರಿಯ ಗೆರೆಯಾಗಿಯೇ ಇರಲಿ. ನಳನಿಗೆ ಅಶ್ವಹೃದಯ ಗೊತ್ತಿತ್ತು, ಅದರ ಬಲದಿಂದ ಋತುಪರ್ಣನ ರಥ ಗಾಳಿಯಲ್ಲಿ ಹಾರಿದಂತೆ ಓಡಿತು ಎಂದು ಕೇಳಿದ್ದೇನೆ. ನಾನು ಕೇಳುತ್ತಿರುವುದು ಆ ವಿದ್ಯೆಯ ಇನ್ನೊಂದು ಅರ್ಧವನ್ನು: ಇವತ್ತಿಗೆ ಸಾಕು ಎಂದು ಅವನ ಕಿವಿ, ಬಾಲ, ಉಸಿರು ಹೇಳಿದಾಗ ಅದನ್ನು ಓದಿಕೊಳ್ಳುವ ಶಕ್ತಿ.

ಅವನ ಗೊರಸುಗಳನ್ನೂ ಕಾಯಿ. ಬೇಸಿಗೆಯಲ್ಲಿ ಒಣಗಿ ಕಲ್ಲಾದ ನೆಲದ ಮೇಲೆ ಗಿರಕ್ಕನೆ ತಿರುಗಿಸಿದರೆ ಕೀಲುಗಳು ಸವೆಯುತ್ತವೆ. ವಸಂತದ ಹುಲ್ಲು ಇನ್ನೂ ಅಪಾಯ: ಗುಡ್ಡದ ಬಡ ಹುಲ್ಲಿಗೆ ಹೊಂದಿಕೊಂಡ ಈ ಜಾತಿ ಇಲ್ಲಿನ ಹೊಲದ ಸಕ್ಕರೆ ತುಂಬಿದ ಹುಲ್ಲು ಮೇದರೆ ಗೊರಸಿನೊಳಗೆ ಉರಿಯೂತ ಬಂದು ನಿಲ್ಲಲಾರದೆ ಹೋಗುತ್ತದೆ. ನಿನಗೆ ಮಡ್ಡಿ ಮಾಡಿದ ದಿನವೂ ಅವನಿಗೆ ಕ್ಯಾರೆಟ್ಟಿನ ಒಂದು ಹೋಳಷ್ಟೇ. ಹೆಸರು ಬೆಲ್ಲವಾದರೂ ಬೆಲ್ಲ ಕೊಡುವಂತಿಲ್ಲ. ಅದನ್ನು ಅಪಚಾರವೆಂದು ಎಣಿಸಬೇಡ.

ಈಗ ಹೇಳಲು ಕಷ್ಟವಾದದ್ದನ್ನು ಹೇಳುತ್ತೇನೆ. ಪ್ರಿನ್ಸ್ ಫಿಲಿಪ್ ಕಪ್ ಹದಿನೈದರವರೆಗಿನ ಮಕ್ಕಳದ್ದು. ಅದಕ್ಕೂ ಮೊದಲೇ ಮಗಳ ಕಾಲು ಉದ್ದವಾಗಿ ಅವನ ಹೊಟ್ಟೆಯ ಕೆಳಗೆ ಇಳಿಯುತ್ತದೆ. 128 ಸೆಂಟಿಮೀಟರ್ ಮೀರದ ಪೋನಿಯ ಮೇಲೆ ಉಡುಪು ಸಮೇತ 53.5 ಕಿಲೋ ದಾಟಿದವರು ಕೂರುವಂತಿಲ್ಲ ಎಂಬ ನಿಯಮವಿದೆ. ಒಳ್ಳೆಯ ನಿಯಮ, ಅದು ಇರಬೇಕು. ಲೆಕ್ಕ ಹಾಕಿದರೆ, ಬೆಲ್ಲ ಮೈತುಂಬಿ, ಮನಸ್ಸು ನಿಂತು, ಆಟದ ಹದಕ್ಕೆ ಬರುವ ಹೊತ್ತಿಗೆ ನನ್ನ ಮಗಳು ಅವನ ಮೇಲಿಂದ ಇಳಿಯುವ ಹೊತ್ತೂ ಬಂದಿರುತ್ತದೆ. ಅವನ ಒಳ್ಳೆಯ ವರ್ಷಗಳು ಇನ್ನೊಂದು ಮಗುವಿಗೆ ಸಲ್ಲುತ್ತವೆ. ಈಗ ಎರಡನೆಯ ತರಗತಿಯಲ್ಲೋ ಮೂರನೆಯದರಲ್ಲೋ ಇರುವ, ನಾವು ಕಾಣದ ಯಾವುದೋ ಮಗು.

"ಹಾಗಾದರೆ ನಾನು ಯಾಕಮ್ಮ ಕಲಿಸಬೇಕು?" ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವಳು ಇಷ್ಟು ವರ್ಷ ಆಡಿದ ಹಳೆಯ ಪೋನಿಯನ್ನು ನೆನಪಿಸಿದೆ. ಆ ಮುದುಕಿ ಬಾವುಟಕ್ಕೆ ಬೆಚ್ಚುತ್ತಿರಲಿಲ್ಲ, ಮಗಳು ಜಾರಿದರೆ ತಾನೇ ನಿಲ್ಲುತ್ತಿದ್ದಳು. ಅವಳಿಗೆ ಅದನ್ನು ಕಲಿಸಿದವರಾರು ಎಂದು ನಮಗೆ ತಿಳಿಯದು. ಎಂದೋ ಯಾರೋ ಒಂದು ಮಗು ಅವಸರ ಮಾಡದೆ ಕಲಿಸಿತ್ತು, ಅದರ ಫಲವನ್ನು ನನ್ನ ಮಗಳು ಉಂಡಳು. "ಅದಕ್ಕೇ, ಪುಟ್ಟಿ" ಎಂದೆ. ಅವಳು ಒಪ್ಪಿದಳೋ ಇಲ್ಲವೋ, ಬಾವುಟ ತೆಗೆದುಕೊಂಡು ಬೆಲ್ಲನಿಗೆ ಬೆನ್ನು ಹಾಕಿ ನಡೆದಳು.

ಆದ್ದರಿಂದ ಗೆಲುವು ಕೊಡು ಎಂದು ಬೇಡುತ್ತಿಲ್ಲ. ಕೊಟ್ಟರೆ ಬೇಡವೆನ್ನುವುದೂ ಇಲ್ಲ. ಮಕ್ಕಳಿಗೆ ಗೆಲ್ಲುವ ಆಸೆ ಇರುವುದು ಚೆಂದವೇ. ಆದರೆ ಅವಸರವನ್ನು ನಮ್ಮ ಮನೆಯೊಳಗೆ ಬಿಡಬೇಡ. ಬೇರೆ ಕ್ಲಬ್ಬಿನವರ ಹೊಸ ಪೋನಿ ಆಗಲೇ ಓಡುತ್ತಿದೆ ಎಂದು ಕೇಳಿದಾಗ ನನ್ನ ಎದೆಯಲ್ಲಿ ಏಳುವ ತಳಮಳವನ್ನು ತಣಿಸು. ಆ ತಳಮಳ ಲಗಾಮಿನ ಮೂಲಕ ಅವನ ಬಾಯಿಗೆ ತಲುಪದಂತೆ ನೋಡು. ಬಿದ್ದರೆ ಮಗಳನ್ನು ಮೆತ್ತಗೆ ಬೀಳಿಸು. ಕಲಿಸುವ ಆ ತಾಯಿಗೆ ಮೊಣಕಾಲಿನ ನೋವು ಕಡಿಮೆ ಮಾಡು. ಹಳೆಯ ಪೋನಿ ಈಗ ಬೇರೆ ಊರಿನಲ್ಲಿ ಬೇರೆ ಮಗುವನ್ನು ಹೊತ್ತು ನಡೆಯುತ್ತಿದ್ದಾಳೆ. ಅವಳ ಹಲ್ಲು ಗಟ್ಟಿಯಾಗಿರಲಿ, ಚಳಿಗಾಲಕ್ಕೆ ಹುಲ್ಲು ಸಾಕಷ್ಟಿರಲಿ. ಬೇಲಿಯ ಹೊರಗೆ ನಿಂತು "ಓಡಿಸು, ಓಡಿಸು" ಎಂದು ಕೂಗುವ ನಮ್ಮಂಥ ತಂದೆತಾಯಂದಿರಿಗೆ ಸುಮ್ಮನಿರುವ ಬುದ್ಧಿ ಕೊಡು.

ಈ ಬೇಸಿಗೆಯ ತಂಡದ ಪಟ್ಟಿಯಲ್ಲಿ ಬೆಲ್ಲನ ಹೆಸರಿಲ್ಲ. ಸೇರಿಸಿ ಎಂದು ನಾವೂ ಕೇಳಿಲ್ಲ. ಚೆನ್ನಾಗಿ ನೋಡಿಕೊಂಡ ಗೇಮ್ಸ್ ಪೋನಿಗಳು ಇಪ್ಪತ್ತರ ಹತ್ತಿರ ಬಂದರೂ ಆಡುತ್ತವೆ. ಅವನಿಗಿನ್ನೂ ಐದು.