ಹಿಂಸಾದಾನ: ಕುಡುಗೋಲೂ ಕಠಾರಿಯೂ



ಶ್ರಾವಕನು ಪಾಲಿಸಬೇಕಾದ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಅನರ್ಥದಂಡದ ಐದು ಭೇದಗಳ ಪೈಕಿ ಹಿಂಸಾದಾನವನ್ನು ಕುರಿತು ಗೃಹಸ್ಥರಲ್ಲಿ ಒಂದು ಸಂದೇಹ ಉಳಿದೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ ಇವುಗಳನ್ನು ಒಂದೇ ಸಾಲಿನಲ್ಲಿ ಎಣಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸಿಧೇನು, ಎಂದರೆ ಚೂರಿ, ಅದರೊಡನೆ ನೇಗಿಲನ್ನೂ ಸೇರಿಸಿದ್ದಾರೆ. ಹಾಗಾದರೆ ಗುರುಪುರದ ಸುತ್ತಿನ ಹೊಲಗಳಲ್ಲಿ ರಾಗಿ ಕೊಯ್ಯುವ ಕುಡುಗೋಲಿಗೂ ಇರಿಯಲೆಂದೇ ಮಾಡಿದ ಕಠಾರಿಗೂ ಭೇದವಿಲ್ಲವೇ?

ಭೇದವುಂಟು, ಅದು ಕುಲುಮೆಯಲ್ಲಿಯೇ ಹುಟ್ಟುತ್ತದೆ. ಕುಡುಗೋಲು ಒಳಕ್ಕೆ ಬಾಗಿ, ಅದರ ಬಾಯಿ ಕೊಯ್ಯುವವನ ಕಡೆಗೇ ತಿರುಗಿರುತ್ತದೆ. ಎಳನೀರು ಕೆತ್ತುವ ಮಚ್ಚಿಗೆ ಒಂದೇ ಬಾಯಿ, ದಪ್ಪ ಬೆನ್ನು. ಈಳಿಗೆಯಂತೂ ಮಣೆಗೆ ನೆಟ್ಟದ್ದು. ತರಕಾರಿಯೇ ಅದರ ಬಳಿಗೆ ಹೋಗಬೇಕು! ಕಠಾರಿಗಾದರೋ ಎರಡು ಕಡೆಯೂ ಬಾಯಿ, ಚೂಪಾದ ಮೊನೆ, ಇರಿಯುವಾಗ ಕೈ ಜಾರದಂತಹ ಹಿಡಿ.

ಆದರೆ ರೂಪವೊಂದರಿಂದಲೇ ತೀರ್ಮಾನವಾಗದು. ಪಿರಿಯಾಪಟ್ಟಣಕ್ಕೆ ಪಡುವಲಾದ ಕೊಡಗಿನಲ್ಲಿ ಒಡಿಕತ್ತಿ ಯುದ್ಧದ ಆಯುಧ. ಇಂದು ಮದುವೆಯಲ್ಲಿ ಅದರಿಂದ ಬಾಳೆದಿಂಡನ್ನು ಕಡಿಯುತ್ತಾರೆ. ಸರಕಾರದ 2016ರ ಶಸ್ತ್ರಾಸ್ತ್ರ ನಿಯಮಗಳೂ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಕತ್ತಿಗಳನ್ನು ಆಯುಧಗಳೆಂದು ಹೇಳಿ, ಮನೆಗೆಲಸಕ್ಕೂ ಬೇಸಾಯಕ್ಕೂ ರಚಿಸಿದವನ್ನು ಹೊರಗಿಟ್ಟಿವೆ. ಮಚ್ಚಿನ ಅಗಲವನ್ನು ಅಳೆಯುತ್ತ ಕುಳಿತರೆ ಯಾವ ರೈತನೂ ಉಳಿಯಲಾರನಷ್ಟೆ.

ಆಚಾರ್ಯರ ದೃಷ್ಟಿ ವಸ್ತುವಿಗಿಂತ ಮಿಗಿಲಾಗಿ ಕೊಡುವ ಕೈಯ ಮೇಲಿದೆ. ಅದಕ್ಕಾಗಿಯೇ ನೇಗಿಲೂ ಆ ಸಾಲಿನಲ್ಲಿ ಸೇರಿತು. ಬೇಸಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ, ಅಡುಗೆಯಲ್ಲಿ ಆಗುವುದು ಆರಂಭೀ ಹಿಂಸೆ; ಗೃಹಸ್ಥನು ಇವುಗಳಲ್ಲಿ ಎಚ್ಚರದಿಂದಿರಬೇಕು. ಸಂಕಲ್ಪೀ ಹಿಂಸೆಯನ್ನಾದರೋ ಬಿಡಲೇಬೇಕು. ಬದುವಿನ ಜಗಳವಾಡಿ ಉಸಿರುಗರೆಯುತ್ತ ಬಂದ ನೆರೆಯವನಿಗೆ "ಕಾಯಿ ಕೆತ್ತಲು" ಮಚ್ಚು ಕೊಟ್ಟವನು ಕಠಾರಿಯನ್ನೇ ಕೊಟ್ಟಂತಾಯಿತು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಪರಸ್ಪರ ಕೊಡುಕೊಳ್ಳುವ ಬಳಕೆಯಿಲ್ಲದವರಿಗೆ ಅಡುಗೆಗೆಂದು ಬೆಂಕಿಯನ್ನೂ ಕೊಡಬಾರದೆನ್ನುತ್ತಾರೆ. ಇದು ಜಿಪುಣತನವಲ್ಲ, ಕೇಳಿದವನ ಸ್ವಭಾವವನ್ನು ಅರಿತು ಕೊಡಬೇಕೆಂಬ ವಿವೇಕ.

ಇನ್ನು ಜಾತ್ರೆಯಲ್ಲಿ ಕೊಂಡ ಅಲಂಕಾರದ ಬಾಕನ್ನು ಪಡಸಾಲೆಯ ಗೋಡೆಗೆ ತೂಗುಹಾಕುವವರಿದ್ದಾರೆ. ಕೆಲಸವೇ ಇಲ್ಲದ ಆಯುಧಕ್ಕೆ ಶ್ರಾವಕನ ಮನೆಯಲ್ಲಿ ಏನು ಪ್ರಯೋಜನ? ಅನರ್ಥವೆಂಬ ಶಬ್ದಕ್ಕೆ ಅದಕ್ಕಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ.

ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆರಂಭತ್ಯಾಗವಿರುವುದರಿಂದ ಈಳಿಗೆಮಣೆಯೂ ಗೋಡೆಗೆ ಒರಗಿ ವಿಶ್ರಮಿಸುತ್ತದೆ. ಅಂದು ಯಾರಾದರೂ ಮಚ್ಚು ಕೇಳಿ ಬಂದರೆ "ನಾಳೆ ಪಾರಣೆಯಾದ ಮೇಲೆ ಬನ್ನಿ" ಎಂದು ಸವಿನುಡಿಯಿಂದ ಕಳುಹಿಸಬಹುದು. ವ್ರತಕ್ಕೂ ಕುಂದಿಲ್ಲ, ನೆರೆಯವರಿಗೂ ನೋವಿಲ್ಲ. ಮನಸ್ಸಿನಲ್ಲಿ ಕೋಪವಿದ್ದವನಾದರೆ ಬೆಳಗಾಗುವುದರೊಳಗೆ ತಣ್ಣಗಾಗಿರುತ್ತಾನೆ.