ಹೆಚ್ಚಿನ ಅಕ್ಕಿ



ಮಾರಮ್ಮನ ಜಾತ್ರೆಗೆ ಹೆಸರಾದ ಗೌರಸಮುದ್ರವನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರೆಲ್ಲರೂ ಬಲ್ಲರು. ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ರೂಢಿ. ಹಾಗೆ ಕರೆದ ಹಿರಿಯರ ನೀರಿನ ಹಂಬಲವೆಷ್ಟಿದ್ದಿರಬೇಕು! ವರ್ಷಕ್ಕೆ 500 ಮಿಲಿಮೀಟರು ಮಳೆಯನ್ನೂ ನೆಚ್ಚಲಾಗದ ನೆಲವಿದು. ಆದರೂ ಹಿಂದಿನವರಿಗೆ ಮಳೆನಕ್ಷತ್ರಗಳ ಲೆಕ್ಕವೊಂದಿತ್ತು. ಈಗ ಆ ಲೆಕ್ಕವೇ ತಪ್ಪಿದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದುದು, 89 ವರ್ಷಗಳ ತರುವಾಯ 2022ರಲ್ಲಿ ಮತ್ತೆ ಕೋಡಿಬಿದ್ದಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು.

ಇಂಥ ಕಾಲದಲ್ಲಿ ಶೇಂಗಾ ಬಿತ್ತಿದ ಗೃಹಸ್ಥನ ಮನಸ್ಸನ್ನು ನೋಡಿರಿ. ಬೀಜಕ್ಕೆ ಸಾಲ ತಂದಿದ್ದಾನೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮುಗಿಲು ಬರಿದು. ಆತನು ಸಂತೆಗೆ ಹೋಗುವುದನ್ನು ಬಿಡುತ್ತಾನೆ. ನೆಂಟರ ಮನೆಯ ಮದುವೆಗೆ ಹೆಂಡತಿಯೊಬ್ಬಳನ್ನೇ ಕಳುಹುತ್ತಾನೆ. ಪೂಜೆಗೆ ಕುಳಿತರೂ ದೃಷ್ಟಿ ಕರಸ್ಥಲದ ಲಿಂಗದಲ್ಲಿ ನಿಲ್ಲದೆ ಹೊಲಕ್ಕೆ ಹರಿಯುತ್ತದೆ. ರಾತ್ರಿ ನಿದ್ರೆಯಿಲ್ಲ. ಕಡೆಗೊಮ್ಮೆ ಮಠಕ್ಕೆ ಬಂದು, “ಇದು ಯಾವ ಪಾಪದ ಫಲ, ಬುದ್ಧೀ?” ಎನ್ನುತ್ತಾನೆ.

ಈ ಪ್ರಶ್ನೆಗೆ ಮೊದಲು ಉತ್ತರ ಹೇಳತಕ್ಕದ್ದು. ಇದು ನಿನ್ನ ಪಾಪವಲ್ಲಪ್ಪಾ. ಎರಡು ಶತಮಾನಗಳಿಂದ ಕಲ್ಲಿದ್ದಲನ್ನೂ ಕಲ್ಲೆಣ್ಣೆಯನ್ನೂ ಸುಟ್ಟ ಹೊಗೆಯು ಭೂಮಂಡಲವನ್ನು ಕಾಯಿಸಿದೆ. ಹೆಚ್ಚು ಸುಟ್ಟವು ಸಿರಿವಂತ ರಾಷ್ಟ್ರಗಳು. ಬೆದ್ದಲು ಉತ್ತು ಕುರಿ ಕಾಯುವವರ ಪಾಲು ಅದರಲ್ಲಿ ಅತ್ಯಲ್ಪ. ಶಿವನು ಮುನಿದನೆಂದು ಬೆದರಿಸಿ, ಶಾಂತಿಯ ಹೆಸರಿನಲ್ಲಿ ಇನ್ನಷ್ಟು ಸಾಲ ಮಾಡಿಸುವವರ ಮಾತಿಗೆ ಕಿವಿಗೊಡಬೇಡ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ತಮಗೆ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಅದನ್ನೊಪ್ಪದೆ, ತಂದಲ್ಲಿಯೇ ಸುರಿದು ಬನ್ನಿರೆಂದು ಮರಳಿ ಕಳುಹಿದರು. ಇದನ್ನು ನಾವು ಆಸೆಯ ವಿಷಯದ ಪಾಠವೆಂದೇ ಹೇಳುತ್ತ ಬಂದಿದ್ದೇವೆ. ದುಃಖಕ್ಕೂ ಅದು ಸಲ್ಲುವುದೆಂದು ನನಗೆ ತೋರುತ್ತದೆ. ಇಂದು ಒಣಗಿದ ಹೊಲದ ದುಃಖ ನಿನ್ನ ಪಾಲಿನದು, ಅತ್ತರೆ ತಪ್ಪಿಲ್ಲ. ಆದರೆ ಮುಂದಿನ ಮೂವತ್ತು ವರ್ಷಗಳ ಬರವನ್ನೂ, ಇನ್ನೂ ಹುಟ್ಟದ ಮೊಮ್ಮಕ್ಕಳ ಬಾಯಾರಿಕೆಯನ್ನೂ ಈ ಒಂದೇ ರಾತ್ರಿಯಲ್ಲಿ ನೀನೊಬ್ಬನೇ ಉಡಿಯಲ್ಲಿ ಕಟ್ಟಿ ತಂದೆಯಾದರೆ, ಅದು ಹೆಚ್ಚಿನ ಅಕ್ಕಿ. ಅದು ಒಂದು ಮನೆಯದಲ್ಲ. ಹತ್ತು ಜನರ ನಡುವೆ ಅದನ್ನು ಸುರಿಯಬೇಕು.

ಹೀಗೆಂದರೆ ನಾಳೆಯನ್ನು ಮರೆಯಬೇಕೆಂದಲ್ಲ. ಬದು ಹಾಕುವುದು, ಕೆರೆಯ ಹೂಳೆತ್ತುವುದು, ಶೇಂಗಾದ ನಡುವೆ ತೊಗರಿಯ ಸಾಲು ಬಿಡುವುದು, ಬೆಳೆವಿಮೆಯ ಕಂತನ್ನು ಕಾಲಕ್ಕೆ ಕಟ್ಟುವುದು, ಇವೆಲ್ಲ ಇಂದಿನ ಕಾಯಕಗಳೇ.

ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದ ಸುದ್ದಿಯನ್ನು ಕೇಳಿದ್ದೀರಿ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿದಿತ್ತು. ಉಳಿದವರ ಮಕ್ಕಳು ನಾವು. ಇಂದು ಪಡಿತರದ ಅಕ್ಕಿ ಬರುತ್ತದೆ. ಹೊಟ್ಟೆಯ ಬರ ಅಂದಿನಂತಿಲ್ಲ. ಆದರೆ ಬಾಗಿಲು ಮುಚ್ಚಿಕೊಂಡು ಕುಳಿತ ಮನೆಗಳಿವೆ. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಎಂದು ತಿಳಿದವರು ಇದನ್ನು ಲಕ್ಷಿಸಬೇಕು.

ತಮ್ಮ ಓಣಿಯಲ್ಲಿ ಸಂತೆ ಬಿಟ್ಟವನೊಬ್ಬನಿದ್ದರೆ, ಸಂಜೆಯ ಪೂಜೆ ಮುಗಿಸಿ ಅವನ ಜಗಲಿಗೆ ಹೋಗಿ ಕುಳಿತುಕೊಳ್ಳಿರಿ. ಉಪದೇಶ ಬೇಡ; ನನ್ನ ಈ ಪ್ರವಚನವೂ ಅಲ್ಲಿ ಬೇಡ. ಅವನು ಮಾತಾಡಲಿ. ಸಾಯಬೇಕೆನಿಸುತ್ತದೆಂಬ ಮಾತು ಬಂದರೆ ಗದರಿಸಿ ಬಾಯಿ ಮುಚ್ಚಿಸದಿರಿ. ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡದಿರಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಆ ಮನೆಯಿಂದ ಹೊರಗಿರಿಸಿರಿ. ಟೆಲಿ ಮಾನಸ ಎಂಬ ಸರಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಬೆಳಗಾದೊಡನೆ ಅವನ ಜೊತೆಗೆ ತಾವೂ ಬಸ್ಸು ಹತ್ತಿ ಸರಕಾರಿ ಆಸ್ಪತ್ರೆಯ ವೈದ್ಯರಲ್ಲಿಗೆ ಕರೆದೊಯ್ಯಿರಿ.